ಕೇಳುವವಳ ಪಟ್ಟಿ

ಬೆಟ್ಟಂಪಾಡಿಯ ಪಂಕಜಾಕ್ಷಿ ಬೀಡಿ ಕಟ್ಟಲು ಕೂತರೆ ಕೈಗೂ ಬಿಡುವಿಲ್ಲ, ಕಣ್ಣಿಗೂ ಬಿಡುವಿಲ್ಲ. ಬಿಡುವಿರುವುದು ಕಿವಿಗೆ ಮಾತ್ರ. ಆ ಕಿವಿಯ ಮೇಲೂ ಯಾರಾದರೂ ಯಜಮಾನಿಕೆ ಮಾಡಲು ಬಂದರೆ ನನಗೆ ಮೈ ಉರಿಯದೆ ಇರುತ್ತದೆಯೇ?

ನಾವಿಬ್ಬರೂ ನೆರೆಕರೆಯವರು, ಒಂದೇ ಜಗಲಿಯಲ್ಲಿ ಬೀಡಿ ಕಲಿತವರು. ಆಗ ಹತ್ತು ಹುಡುಗಿಯರು ಕಟ್ಟಲು ಕೂತರೆ ಒಬ್ಬಳು ಗಟ್ಟಿಯಾಗಿ ಪತ್ರಿಕೆಯನ್ನೋ ಕತೆ ಪುಸ್ತಕವನ್ನೋ ಓದುವುದು, ಅವಳ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುವುದು. ಏಳನೆಯ ತರಗತಿಗೇ ಶಾಲೆ ಬಿಡಿಸಿದ್ದ ಪಂಕಜಾಕ್ಷಿಯೇ ನಮಗೆ ಓದುತ್ತಿದ್ದವಳು. ಆದರೆ ಯಾವ ಪುಟ ಓದಬೇಕು ಎಂದು ಹೇಳುತ್ತಿದ್ದವರು ಕೇಳುವ ನಾವು.

ಈಗ ಅವಳಿಗೆ ಐವತ್ತನಾಲ್ಕು. ಕಳೆದ ವರ್ಷ ಮಗಳು ಯಶ್ಮಿತಾಳ ಫೋನಿನಲ್ಲಿ, ನಕ್ಷತ್ರಗಳು ಹುಟ್ಟಿ ಸಾಯುವುದರ ಬಗ್ಗೆ ಕನ್ನಡದ ಒಂದು ಪಾಡ್‌ಕಾಸ್ಟ್ ಕೇಳಿದಳು. ಮಗಳು ಕೆಲಸಕ್ಕೆ ಹೊರಟಾಗ ಅದು ಅರ್ಧಕ್ಕೆ ನಿಂತಿತು. ಉಳಿದರ್ಧ ಕೇಳಿಯೇ ತೀರಬೇಕೆಂಬ ಹಟದಲ್ಲಿ, ಮೂಲೆ ಸೇರಿದ್ದ ಹಳೆಯ ಕಂಪ್ಯೂಟರನ್ನು ಸರಿ ಮಾಡಲು ಪುತ್ತೂರಿನ ರಿಪೇರಿ ಅಂಗಡಿಯ ಜಯಪ್ರಕಾಶನನ್ನು ಕರೆಸಿದಳು. ಹೊಸ ವಿಂಡೋಸ್ ಹೊರಲಾಗದ ಆ ಯಂತ್ರಕ್ಕೆ ಅವನು ಅದರ ಬದಲು ಹಗುರವಾದ ಲಿನಕ್ಸ್ ಹಾಕಿದ, ಪಾಡ್‌ಕಾಸ್ಟ್ ಇಳಿಸಿ ಕೇಳಿಸುವ ಜಿಪಾಡರ್ ಎಂಬ ತಂತ್ರಾಂಶ ಕೂರಿಸಿದ. ಬೆಳಿಗ್ಗೆ ಮಗಳ ಫೋನಿನ ನೆಟ್‌ವರ್ಕ್ ಇರುವಾಗ ಇಳಿಸಿಟ್ಟರೆ ದಿನವಿಡೀ ಕೇಳಬಹುದು. ಕೆಲಸ ಚೊಕ್ಕವೇ, ಅದನ್ನು ನಾನು ಇಲ್ಲ ಎನ್ನುವುದಿಲ್ಲ.

ಆದರೆ ಅವನು ತುಂಬಿಸಿಟ್ಟ ಕಾರ್ಯಕ್ರಮಗಳ ಪಟ್ಟಿ ತೆರೆದರೆ ಅದರಲ್ಲಿದ್ದದ್ದು ಭಜನೆ, ಅಡುಗೆ, ಮನೆಮದ್ದು, ಸೊಸೆಯೊಂದಿಗೆ ಹೊಂದಿಕೊಳ್ಳುವ ಉಪದೇಶ. ಅವಳಿಗಿರುವುದು ಒಬ್ಬಳೇ ಮಗಳು.

"ನಕ್ಷತ್ರದ್ದು ಎಲ್ಲಿ ಉಂಟು ಮಾರಾಯ?" ಎಂದು ಪಂಕಜಾಕ್ಷಿ ಕೇಳಿದಳು.

"ಅದೆಲ್ಲ ನಿಮಗೆ ಎಂತಕ್ಕೆ ಪಂಕಜಕ್ಕ? ಅರ್ಥ ಆಗುದಿಲ್ಲ. ಇದು ಕೇಳಿ, ಮನಸ್ಸಿಗೆ ಒಳ್ಳೆದು. ಪಾಸ್‌ವರ್ಡ್ ನನ್ನತ್ರವೇ ಇರ್ಲಿ. ನೀವು ಎಂತಾದ್ರೂ ಒತ್ತಿ ಹಾಳು ಮಾಡುದು ಬೇಡ."

ಮನೆ ಅವಳದು, ಕಂಪ್ಯೂಟರ್ ಅವಳದು, ಬೀಗದ ಕೈ ಮಾತ್ರ ಇವನ ಕಿಸೆಯಲ್ಲಿ. ಅಲ್ಲೇ ಇದ್ದ ನಾನು ಸರಿಯಾಗಿ ನಾಲ್ಕು ಮಾತು ಹೇಳಲು ಬಾಯಿ ತೆರೆದೆ. ಪಂಕಜಾಕ್ಷಿ ಕಣ್ಣಲ್ಲೇ ತಡೆದಳು.

ಮರುದಿನ ಬೆಳಿಗ್ಗೆ ಕೈಗಂಟಿದ ಹೊಗೆಸೊಪ್ಪಿನ ಹುಡಿ ತೊಳೆದುಕೊಂಡು ಬಂದು ಒಂದೊಂದೇ ಗುಂಡಿ ಒತ್ತಿ ನೋಡಿದಳು. ಹೊಸ ತಂತ್ರಾಂಶ ಹಾಕಲು ಪಾಸ್‌ವರ್ಡ್ ಬೇಕು; ಪಟ್ಟಿಗೆ ಹೊಸ ಕಾರ್ಯಕ್ರಮ ಸೇರಿಸಲು ಬೇಡ. ನಕ್ಷತ್ರದ ಕಾರ್ಯಕ್ರಮದ ವಿಳಾಸವನ್ನು ಮಗಳ ಫೋನಿನಿಂದ ಕ್ಯಾಲೆಂಡರಿನ ಹಿಂಬದಿಗೆ ಬರೆದುಕೊಂಡು, ಮೂರು ಸಲ ತಪ್ಪಿ, ನಾಲ್ಕನೆಯ ಸಲ ಸರಿಯಾಗಿ ಕುಟ್ಟಿದಳು. ಅವನು ಹಾಕಿದ್ದನ್ನೆಲ್ಲ ಅಳಿಸಿದಳು. ಭಜನೆಯನ್ನು ಮಾತ್ರ ಉಳಿಸಿಕೊಂಡಳು, ಅದು ಅವಳಿಗೆ ಇಷ್ಟ.

ಮುಂದಿನ ತಿಂಗಳು ಜಯಪ್ರಕಾಶ್ ಈ ದಾರಿಯಲ್ಲಿ ಹೋಗುವಾಗ ಒಳಗೆ ಬಂದ. ಸ್ಪೀಕರಿನಲ್ಲಿ ಒಂದು ನಕ್ಷತ್ರ ಸಾಯುತ್ತಿತ್ತು.

"ಇದು ಯಾರು ಹಾಕಿ ಕೊಟ್ಟದ್ದು?"

ಪಂಕಜಾಕ್ಷಿ ಕಟ್ಟುತ್ತಿದ್ದ ಬೀಡಿಯಿಂದ ಕಣ್ಣೆತ್ತಲಿಲ್ಲ.

"ನಾನು ಹತ್ತು ಜನಕ್ಕೆ ಓದಿ ಹೇಳಿದವಳು ಮಾರಾಯ. ಎಂತ ಓದಬೇಕೂಂತ ಒಂದು ದಿನವೂ ನಾನು ಹೇಳ್ಲಿಲ್ಲ. ಅದು ಕೇಳುವವರು ಹೇಳುದು. ಪಾಸ್‌ವರ್ಡ್ ಆ ಕ್ಯಾಲೆಂಡರಿನ ಹಿಂದೆ ಬರೆದಿಟ್ಟು ಹೋಗು."

ಅವನು ಕ್ಯಾಲೆಂಡರ್ ತಿರುಗಿಸಿ, ಅವಳು ಬರೆದ ವಿಳಾಸದ ಕೆಳಗೆ ಬರೆದ.