ಪಿಸ್ತಾ ಹಸಿರಿನ ಚೌಕಟ್ಟು

ಕಾಶಾನ್ ಪಟ್ಟಣದಲ್ಲಿ ಕನ್ನಡಿಯ ಚೌಕಟ್ಟಿಗೆ ಬಣ್ಣ ಹಾಕಿಸಬೇಕೆಂದರೆ ಜನ ಫರಂಗೀಸಳ ಮನೆಯ ಬಾಗಿಲನ್ನೇ ತಟ್ಟುತ್ತಿದ್ದರು. ಅವಳ ಕೆಲಸದ ರೀತಿಯೇ ಬೇರೆ. ಗಾಜು ಕೂರಿಸುವ ಮೊದಲೇ ಬರಿಯ ಚೌಕಟ್ಟನ್ನು ಹೊತ್ತುಕೊಂಡು, ಕನ್ನಡಿ ಇರಬೇಕಾದ ಕೋಣೆಗೆ ಹೋಗುವಳು. ಗೋಡೆ ನೋಡುವಳು, ನೆಲದ ರತ್ನಗಂಬಳಿ ನೋಡುವಳು, ಬೆಳಕು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆಂದು ಕೂತು ಕಾಯುವಳು. ಆಮೇಲೆ ಆ ಮನೆಯ ಹೆಂಗಸನ್ನು ಚೌಕಟ್ಟಿನ ಹಿಂದೆ ನಿಲ್ಲಿಸಿ, ಬಣ್ಣ ಬಳಿದ ಪಟ್ಟಿಗಳನ್ನು ಒಂದೊಂದಾಗಿ ಅಂಚಿಗೆ ಹಿಡಿದು ಮುಖವನ್ನೇ ದಿಟ್ಟಿಸುವಳು.

"ಗೋಡೆಗೊಪ್ಪಿದ್ರೆ ಸಾಲದಮ್ಮ, ದಿನಾ ಬೆಳಿಗ್ಗೆ ಅದರಲ್ಲಿ ಮುಖ ನೋಡ್ಕೊಳ್ಳೋಳು ನೀನಲ್ವಾ?" ಎನ್ನುವಳು.

ಇಷ್ಟು ಮನೆಗಳ ಕನ್ನಡಿಗೆ ಬಣ್ಣ ಹಚ್ಚಿದವಳಿಗೆ ತನ್ನದೆನ್ನುವ ಮದುವೆಯ ಕನ್ನಡಿ ಇರಲಿಲ್ಲ. ಗಂಡಿನ ಮನೆಯವರು ತರುವ ಆ ಕನ್ನಡಿಯಲ್ಲೇ ಮದುಮಗ ಹೆಂಡತಿಯ ಮುಖ ಮೊದಲು ನೋಡಬೇಕು, ಆಮೇಲೆ ಅದು ಅವಳದೇ ಎನ್ನುವುದು ಅಲ್ಲಿನ ಪದ್ಧತಿ. ಅವಳ ಮದುವೆಯಾದಾಗ ಮಾವ ತೀರಿಕೊಂಡು ಎರಡು ತಿಂಗಳಾಗಿತ್ತಷ್ಟೆ. ಸಡಗರ ಬೇಡವೆಂದರು. ಅತ್ತೆಯ ತಂಗಿಯ ಮನೆಯಿಂದ ಒಂದು ದುಂಡು ಕನ್ನಡಿ ಎರವಲು ಬಂತು. ಗಂಡ ಯಹ್ಯಾ ಅವಳ ಮುಖವನ್ನು ಮೊದಲ ಸಲ ಕಂಡದ್ದು ಅದರಲ್ಲಿ. ಮೂರನೆಯ ದಿನ ಕನ್ನಡಿ ಬಟ್ಟೆ ಸುತ್ತಿಸಿಕೊಂಡು ತನ್ನ ಮನೆಗೆ ಹೋಯಿತು. ಹದಿನೆಂಟು ವರ್ಷ ಅವಳು ಅದರ ಬಗ್ಗೆ ಒಂದು ಮಾತು ಆಡಲಿಲ್ಲ.

ಈಗ ಕೊನೆಯ ಮೈದುನ ಬೆಹ್ಜಾದನಿಗೆ ಮದುವೆ ಗೊತ್ತಾಗಿತ್ತು. ಅತ್ತೆ ತೂಬಾ ಅವನಿಗೆ ಮಹಡಿಯ ಮೇಲಿನ ಕೋಣೆ ಬಿಟ್ಟುಕೊಟ್ಟಳು. ಸುಣ್ಣದ ಬಿಳಿ ಗೋಡೆ, ಕಡುನೀಲಿ ರತ್ನಗಂಬಳಿ, ಕಿಟಕಿ ತೆರೆದರೆ ಅಂಗಳದ ದಾಳಿಂಬೆ ಗಿಡ. ಕನ್ನಡಿಯೂ ಸಾಮಾನ್ಯದ್ದಲ್ಲ, ಆಳೆತ್ತರದ್ದು. ನಿಕಾಹದ ದಿನ ಹುಡುಗಿಯ ಮನೆಗೆ ಹೋಗಿ, ನೆಲಕ್ಕೆ ಹಾಸಿದ ಮದುವೆಯ ಹಾಸಿನ ಮೇಲೆ ವಧೂವರರ ಎದುರು ನಿಂತು, ಆಮೇಲೆ ಹೊಸ ಸೊಸೆಗಿಂತ ಮೊದಲು ತಾನೇ ಈ ಕೋಣೆಗೆ ಕಾಲಿಡಬೇಕಾದ ಕನ್ನಡಿ.

"ಬಣ್ಣ ನಿನ್ನದೇ ಕಣೇ," ಎಂದಳು ತೂಬಾ, ಸಕ್ಕರೆ ತುಂಡನ್ನು ಹಲ್ಲಲ್ಲಿ ಕಚ್ಚಿ ಚಹಾ ಹೀರುತ್ತಾ. "ಮನೇಲೇ ನೀನಿರುವಾಗ ಹೊರಗಿನವರ ಹತ್ರ ಯಾಕೆ ಹೋಗ್ಲಿ?"

"ಹೌದು ಮತ್ತೆ," ಎಂದಳು ಫರಂಗೀಸ್. ಅತ್ತೆಯ ಮುಖ ನೋಡದೆ ಲೋಟ ಎತ್ತಿಕೊಂಡು ಎದ್ದಳು.

ಹುಡುಗಿ ಶಹ್ಲಾಳನ್ನು ಅವಳು ನಿಶ್ಚಿತಾರ್ಥದ ದಿನ ನೋಡಿದ್ದಳು. ಮೇಣದಂಥ ಬಣ್ಣ, ತುಸು ಹಳದಿ ಬೆರೆತ ಬಿಳುಪು, ಥೇಟ್ ತನ್ನ ಮೈಬಣ್ಣವೇ. ಅಂಥ ಮುಖಕ್ಕೆ ಏಪ್ರಿಕಾಟ್ ಹಣ್ಣಿನ ತಿಳಿ ಕಿತ್ತಳೆ ಬಣ್ಣ ಹಿಡಿದರೆ ಕೆನ್ನೆ ರಂಗೇರುತ್ತದೆ. ಪಿಸ್ತಾ ಹಸಿರು ಹಿಡಿದರೆ ರೋಗಿಷ್ಠೆಯಂತೆ ಕಾಣುತ್ತಾಳೆ. ಇದನ್ನು ಫರಂಗೀಸ್ ಕಣ್ಣು ಮುಚ್ಚಿಯೂ ಹೇಳಬಲ್ಲಳು. ಆದರೆ ಆ ಕೋಣೆಯ ಬಿಳಿ, ನೀಲಿಗಳ ನಡುವೆ ಪಿಸ್ತಾ ಹಸಿರು ಎಷ್ಟು ಚೆಂದ! ತಪ್ಪು ಹುಡುಕುವವರಿಗೂ ಏನೂ ಸಿಗಲಾರದು.

ಅವಳು ಹಸಿರನ್ನೇ ಬಳಿದಳು. ಎರಡು ಸಲ ಬಳಿದಳು. ಅಂಚಿಗೆ ಚಿನ್ನದ ಬಣ್ಣದ ಒಂದು ಎಳೆ ಎಳೆದಳು.

ಗಾಜಿನವನು ಬರುವ ಹಿಂದಿನ ದಿನ ತೂಬಾ ಏದುಸಿರು ಬಿಡುತ್ತಾ ಮಹಡಿ ಹತ್ತಿದಳು. ಗೋಡೆಗೆ ಒರಗಿದ್ದ ಚೌಕಟ್ಟನ್ನು ಕಂಡು ಕೈ ತಟ್ಟಿದಳು.

"ಅಬ್ಬಾ! ಕೋಣೆಗೇ ಜೀವ ಬಂತಲ್ಲೇ. ಸರಿ, ಹಿಂದೆ ನಿಲ್ಲು ನೋಡೋಣ."

"ನಾನ್ಯಾಕೆ ಅತ್ತೆ?"

"ಊರವರನ್ನೆಲ್ಲ ನಿಲ್ಲಿಸ್ತೀಯ. ಶಹ್ಲಾ ಮದುವೆಗೆ ಮುಂಚೆ ಈ ಹೊಸಿಲು ದಾಟೋ ಹಾಗಿಲ್ಲ. ನಿನ್ನದೂ ಅವಳದೂ ಒಂದೇ ಬಣ್ಣ. ನಿಲ್ಲು ಅಂದ್ರೆ ನಿಲ್ಲು."

ಫರಂಗೀಸ್ ಚೌಕಟ್ಟನ್ನು ಎತ್ತಿ ಹಿಡಿದು ಅದರ ಹಿಂದೆ ನಿಂತಳು. ತೂಬಾಳ ನಗು ನಿಧಾನವಾಗಿ ಇಳಿಯಿತು. ಅವಳು ಬಲಕ್ಕೆ ಸರಿದು ನೋಡಿದಳು, ಎಡಕ್ಕೆ ಸರಿದು ನೋಡಿದಳು. ಮುದುಕಿಯ ಕಣ್ಣಿಗೆ ಪೊರೆ ಬಂದಿತ್ತು, ಬುದ್ಧಿಗಲ್ಲ.

"ಕಾಮಾಲೆ ಆದವಳ ಹಾಗೆ ಕಾಣ್ತೀಯಲ್ಲೇ."

ಫರಂಗೀಸ್ ಚೌಕಟ್ಟನ್ನು ಹಿಡಿದೇ ಇದ್ದಳು.

"ನಿನಗಿದು ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಗೊತ್ತಿದ್ದೂ! ಆ ಕೂಸು ನಿನಗೇನು ಮಾಡಿತ್ತೇ? ಗಂಡ ಮೊದಲ ಸಲ ಮುಖ ನೋಡೋ ಹೊತ್ತಲ್ವಾ ಅದು?"

"ನನ್ನ ಮುಖಾನೂ ಗಂಡ ನೋಡಿದ್ರು. ನಿಮ್ಮ ತಂಗಿ ಮನೆ ಕನ್ನಡೀಲಿ. ಮೂರೇ ದಿನಕ್ಕೆ ವಾಪಸ್ ಕಳಿಸಿಬಿಟ್ರಿ."

"ಅಯ್ಯೋ, ಆಗ ನನ್ನ ಸ್ಥಿತಿ ಏನಿತ್ತು, ಗೊತ್ತಿಲ್ವಾ? ಆಮೇಲಾದ್ರೂ ಬಾಯಿ ಬಿಟ್ಟು ಕೇಳಿದ್ಯಾ?"

"ಅದನ್ನೆಲ್ಲ ಕೇಳಿ ತಗೋತಾರಾ ಅತ್ತೆ?"

ತೂಬಾ ಬಾಗಿಲ ಕಡೆ ನಡೆದಳು. "ನಾಳೆ ಗಾಜಿನವನು ಬರ್ತಾನೆ," ಎಂದಷ್ಟೇ ಹೇಳಿ, ಕಂಬಿ ಹಿಡಿದು ಮೆಟ್ಟಿಲಿಳಿದಳು.

ಫರಂಗೀಸ್ ಚೌಕಟ್ಟನ್ನು ಕೆಳಗಿಟ್ಟು ನೋಡುತ್ತಾ ಕೂತಳು. ಮದುವೆಯ ಹಾಸಿನ ಸುತ್ತ ನೆರೆದ ಹೆಂಗಸರೆಲ್ಲ ಕೇಳುವುದು ಒಂದೇ ಪ್ರಶ್ನೆ: ಬಣ್ಣ ಯಾರ ಕೈಯದ್ದು? ಅದನ್ನು ನೆನೆದಾಗ ಅವಳಿಗೆ ಹುಡುಗಿಯ ಮೇಲಲ್ಲ, ತನ್ನ ಕೈಯ ಮೇಲೆ ಮರುಕ ಬಂತು. ಮರಳುಕಾಗದ ತಂದು ಉಜ್ಜತೊಡಗಿದಳು. ಹಸಿರು ಪುಡಿ ಮಡಿಲ ಮೇಲೆಲ್ಲ ಉದುರಿತು. ಸಂಜೆಯ ಬಿಸಿಲು ಗೋಡೆ ಬಿಡುವ ಮುನ್ನ ಏಪ್ರಿಕಾಟ್ ಬಣ್ಣದ ಮೊದಲ ಲೇಪ ಒಣಗಿತ್ತು.

ನಿಕಾಹದ ದಿನ ಮುಸುಕು ಸರಿದಾಗ ಶಹ್ಲಾ ಕನ್ನಡಿಯಲ್ಲಿ ಹಣ್ಣಿನಂತೆ ಹೊಳೆದಳು. ಬೆಹ್ಜಾದ್ ನೋಟ ಕೀಳಲಾರದೆ ಕೂತ. ಹೆಂಗಸರು ಸಂಭ್ರಮಕ್ಕೆ ನಾಲಗೆ ಆಡಿಸಿ ಲಿಲಿಲಿ ಎಂದು ಕೂಗಿದರು. ತೂಬಾ ಕೆಂಡದ ಮೇಲೆ ದೃಷ್ಟಿ ತೆಗೆಯುವ ಬೀಜ ಚಿಟಪಟ ಸಿಡಿಸಿ, ಹೊಗೆಯನ್ನು ಮದುಮಕ್ಕಳಿಗೆ ನಿವಾಳಿಸಿದಳು. ಆಮೇಲೆ ಗುಂಪನ್ನು ಸೀಳಿ ಬಂದು ಫರಂಗೀಸಳ ತಲೆಗೂ ನಿವಾಳಿಸಿದಳು.

"ನನಗ್ಯಾಕೆ ಅತ್ತೆ? ನನಗೆ ಕಣ್ಣು ತಾಗಬಾರದು ಅಂತಾನಾ, ನನ್ನ ಕಣ್ಣೇ ತಾಗಬಾರದು ಅಂತಾನಾ?"

"ಎರಡಕ್ಕೂ ಇರಲಿ," ಎಂದಳು ಮುದುಕಿ, ನಗದೆ.

ಎಂಟನೆಯ ದಿನ ಬೆಳಿಗ್ಗೆ ಶಹ್ಲಾ ಮಹಡಿಯಿಂದಲೇ ಕೂಗಿದಳು: "ಅಕ್ಕಾ, ಒಂದು ಸಲ ಬನ್ನಿ! ಬಿಸಿಲು ಬಿದ್ದಾಗ ನಿಮ್ಮ ಬಣ್ಣ ಹೇಗೆ ಕಾಣುತ್ತೆ ನೋಡಿ. ಇಬ್ರೂ ಒಟ್ಟಿಗೆ ನಿಂತು ನೋಡ್ಕೊಳ್ಳೋಣ."

ಫರಂಗೀಸ್ ಹತ್ತಿ ಹೋದಳು. ಹೊಸ ವಾರಗಿತ್ತಿ ಕೈ ಹಿಡಿದು ಒಳಗೆಳೆದಳು. ಫರಂಗೀಸ್ ಕೈ ಬಿಡಿಸಿಕೊಂಡು, ತನ್ನದಲ್ಲದ ಆ ಗಾಜಿನಲ್ಲಿ ತಾನು ಕಾಣದಂತೆ ಚೌಕಟ್ಟಿನ ಪಕ್ಕಕ್ಕೆ ಸರಿದು, ಉಗುರಿನಿಂದ ಅಂಚನ್ನು ಮೆಲ್ಲಗೆ ತಟ್ಟಿ ನೋಡಿದಳು.

"ಒದ್ದೆ ಬಟ್ಟೇಲಿ ಒರೆಸಬೇಡ," ಎಂದಳು. "ಒಣ ಬಟ್ಟೆ ಸಾಕು."