ಮೂರು ಮನೆಗಳ ಅತಿಥಿ ವುಕಾಶಿನ್

ವುಕಾಶಿನ್ ಕ್ರಾಲ್ಯೆವೊದಿಂದ ಬೆಲ್‌ಗ್ರೇಡಿಗೆ ಅರ್ಥಶಾಸ್ತ್ರ ಓದಲು ಬಂದು ಇದು ಮೂರನೇ ವರ್ಷ. ಮೊದಲ ವರ್ಷ ಅವನೂ ನಮ್ಮ ನಿಮ್ಮ ಹಾಗೇ ಇದ್ದ. ಟ್ರಾಮ್ ಬಂದರೆ ಹತ್ತುತ್ತಿದ್ದ, ಹಸಿವಾದರೆ ತಿನ್ನುತ್ತಿದ್ದ. ಎರಡನೇ ವರ್ಷ ಪ್ರೊಫೆಸರ್ ಗ್ರುಯಿಚರ ಪಾಠ ಶುರುವಾಯಿತು ನೋಡಿ, ಇದ್ದಷ್ಟರಲ್ಲೇ ಅತಿ ಹೆಚ್ಚು ಲಾಭ ಹಿಂಡುವುದು ಹೇಗೆ ಎಂಬ ಪಾಠ, ಅಲ್ಲಿಂದ ಹುಡುಗ ಕೈಬಿಟ್ಟು ಹೋದ.

ಕಾಫಿಗೆ ಇಟ್ಟ ನೀರಿನಲ್ಲೇ ಮೊಟ್ಟೆ ಬೇಯಿಸಿದರೆ ಒಂದು ಉರಿಯಲ್ಲಿ ಎರಡು ಕೆಲಸ ಎಂದು ಕಂಡುಹಿಡಿದ. ಕೋಣೆ ಬಾಡಿಗೆಗೆ ಕೊಟ್ಟಿದ್ದ ದಾರಿಂಕಾ ಅಮ್ಮ, "ನನ್ನ ಕಾಫಿ ಪಾತ್ರೆ ಕೋಳಿಗೂಡಿನ ಥರ ನಾರ್ತಿದೆ, ನಿಮ್ಮ ಕಾಲೇಜಲ್ಲಿ ಇದನ್ನೇನಾ ಕಲಿಸೋದು?" ಎಂದು ಪಾತ್ರೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಟ್ರಾಮಿನ ಯಾವ ಬಾಗಿಲು ಎಲ್ಲಿ ನಿಲ್ಲುತ್ತದೆಂದು ತಿಳಿದುಕೊಂಡು ಅಲ್ಲೇ ನಿಲ್ಲುವನು. ಟ್ರಾಮ್ ಮಾತ್ರ ಅವನ ಲೆಕ್ಕ ಓದಿರಲಿಲ್ಲ, ಎಂಟು ಹೆಜ್ಜೆ ಮುಂದೆ ಹೋಗಿ ನಿಲ್ಲುವುದು. ಕಲೆನಿಚ್ ಮಾರುಕಟ್ಟೆಯಲ್ಲಿ ಪಿಂಚಣಿದಾರರೊಬ್ಬರು ಬೆಳಗಿನಿಂದ ಎಲ್ಲ ಅಂಗಡಿಯಲ್ಲೂ ಅದೇ ದಪ್ಪಮೆಣಸಿನಕಾಯಿಯ ಬೆಲೆ ಕೇಳುತ್ತ ತಿರುಗುವುದನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ತಾತ, ನೀವು ಉಳಿಸೋ ದುಡ್ಡಿಗಿಂತ ಕಳಕೊಳ್ಳೋ ಹೊತ್ತು ಹೆಚ್ಚು. ಮೊದಲ ಅಂಗಡೀಲೇ ತಗೊಂಡಿದ್ರೆ ಇಷ್ಟೊತ್ತಿಗೆ ಮನೇಲಿರ್ತಿದ್ರಿ."

"ಮನೇಲಿ ನನ್ನ ಹೆಂಡ್ತಿ ಇದ್ದಾಳೆ ಕಣಪ್ಪಾ," ಎಂದು ತಾತ ಮುಂದಿನ ಅಂಗಡಿಗೆ ನಡೆದರು.

ಇಂಥ ವುಕಾಶಿನ್‌ನನ್ನು ನೆವೆನಾ ಯಾಕೆ ಮೆಚ್ಚಿದಳೋ, ಅದಕ್ಕೆ ಯಾವ ಶಾಸ್ತ್ರದಲ್ಲೂ ಉತ್ತರವಿಲ್ಲ. ಹಲ್ಲಿನ ಡಾಕ್ಟರ ಮಗಳು, ನಗುವಾಗ ಜಿಪುಣತನ ಮಾಡದವಳು. ಡಿಸೆಂಬರಿನಲ್ಲಿ ಒಂದು ದಿನ ಅವಳೇ ಹೇಳಿದಳು: "ಸಂತ ನಿಕೋಲನ ದಿನ ನಮ್ಮನೇಲಿ ಸ್ಲಾವಾ. ಬಾ. ಅಪ್ಪ, ಅಜ್ಜಿ ಎಲ್ಲ ನಿನ್ನನ್ನ ನೋಡ್ಬೇಕು. ಅವರಿಗೆ ಸರಿ ಬರ್ಲಿಲ್ಲ ಅಂದ್ರೆ ನಮ್ಮಿಬ್ಬರ ಮಾತು ಅಲ್ಲಿಗೇ ಮುಗೀತು, ಈಗ್ಲೇ ಹೇಳಿದೀನಿ."

ಸ್ಲಾವಾ ಎಂದರೆ ಮನೆದೇವರ ಹಬ್ಬ. ಒಂದೊಂದು ಮನೆತನಕ್ಕೆ ಒಬ್ಬೊಬ್ಬ ಸಂತ. ತೊಂದರೆ ಏನೆಂದರೆ ನಿಕೋಲನ ಒಕ್ಕಲೇ ಊರಲ್ಲಿ ಹೆಚ್ಚು. ಆವತ್ತು ಅರ್ಧ ಊರು ಅಡುಗೆ ಮಾಡಿ ಬಾಗಿಲು ತೆರೆದು ಕೂರುತ್ತದೆ, ಉಳಿದರ್ಧ ಬಗಲಲ್ಲೊಂದು ವೈನ್ ಬಾಟಲಿ ಹಿಡಿದು ಮನೆಯಿಂದ ಮನೆಗೆ ಓಡುತ್ತದೆ. ವುಕಾಶಿನ್ ಹೋಗಬೇಕಾದ ಮನೆ ಮೂರು: ಕೆಳಗಿನ ಮಹಡಿಯ ದಾರಿಂಕಾ ಅಮ್ಮ, ನೆವೆನಾಳ ಮನೆ, ಮುಂದೆ ತನ್ನನ್ನು ಸಹಾಯಕನಾಗಿ ಇಟ್ಟುಕೊಂಡಾರೆಂದು ಅವನು ನಂಬಿದ್ದ ಪ್ರೊಫೆಸರ್ ಗ್ರುಯಿಚರ ಮನೆ. ಊರಿನ ಮುದುಕಿಯರು ಇಂಥ ಮೂರು ಮನೆಗಳನ್ನು ಯೋಚನೆಯಿಲ್ಲದೆ ಮುಗಿಸಿ ಬರುತ್ತಾರೆ. ವುಕಾಶಿನ್ ಮಾತ್ರ ವಾರವಿಡೀ ನಕ್ಷೆ ಹರಡಿಕೊಂಡು ಕೂತ.

ಹಬ್ಬದ ದಿನ ದಾರಿಂಕಾ ಅಮ್ಮನ ಮನೆಯಲ್ಲಿ ಪ್ರಸಾದದ ಸಿಹಿ ಗೋಧಿ ಒಂದು ಚಮಚ ಬಾಯಿಗೆ ಹಾಕಿಕೊಂಡು, ನಿಂತೇ ಒಂದು ಲೋಟ ಹಣ್ಣಿನ ಸಾರಾಯಿ ರಕಿಯಾ ಕುಡಿದು, "ಕೂತ್ಕೊಳ್ಳೋ, ನಿನ್ನ ಬೆನ್ನಟ್ಟಿ ಯಾರಾದ್ರೂ ಬರ್ತಿದಾರಾ?" ಎಂಬ ಮಾತು ಬೆನ್ನಿಗೆ ಬೀಳುವಷ್ಟರಲ್ಲಿ ಬೀದಿಯಲ್ಲಿದ್ದ. ಕೊಶಾವಾ ಗಾಳಿ ಕಿವಿ ಕತ್ತರಿಸುತ್ತಿತ್ತು. ಲೆಕ್ಕದ ಪ್ರಕಾರ ಎಲ್ಲವೂ ಸರಿಯಾಗಿತ್ತು.

ನೆವೆನಾಳ ಮನೆಯಲ್ಲೂ ಚೆನ್ನಾಗಿಯೇ ಶುರುವಾಯಿತು. ಡಾಕ್ಟರ್ ಬ್ಲಾಗೋಯೆ ಬಾಗಿಲಲ್ಲೇ ಕೈಕುಲುಕಿ, ಅಭ್ಯಾಸಬಲದಿಂದ ಒಮ್ಮೆ ಇವನ ಹಲ್ಲು ನೋಡಿ, ಒಳಗೆ ಕರೆದರು. ಯೆಲಿಕಾ ಅಜ್ಜಿ ಗೋಧಿಯ ಬಟ್ಟಲು ಮುಂದೆ ಹಿಡಿದಳು. ಇವನು ಶಿಲುಬೆಯ ಗುರುತು ಮಾಡಿಕೊಂಡು ತಿಂದ. ಹಬ್ಬದ ಮೇಣದಬತ್ತಿಯ ಪಕ್ಕದಲ್ಲೇ ಜಾಗ ಸಿಕ್ಕಿತು. ಸೋದರಮಾವ ರಾದೋಯೆ ಹೇಳಿದ ಹಳೇ ನಗೆಚಟಾಕಿಗೆ ಸರಿಯಾದ ಜಾಗದಲ್ಲಿ ನಕ್ಕ. ಅಜ್ಜಿ "ಹುಡುಗ ತಣ್ಣಗಿದಾನೆ" ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಅಷ್ಟರಲ್ಲಿ ಡಾಕ್ಟರು ಮೀನು ತರಲು ಅಡುಗೆಮನೆಗೆ ಹೋದರು. ಆ ಮನೆಯಲ್ಲಿ ವರ್ಷಕ್ಕೊಮ್ಮೆ ಡಾಕ್ಟರು ಒಲೆ ಮುಟ್ಟುವುದು ಆವತ್ತೇ. ಕೆರೆಮೀನನ್ನು ತಾವೇ ಆರಿಸಿ, ತಾವೇ ಬೇಯಿಸಿ, ತಾವೇ ಹೊತ್ತು ತರುತ್ತಾರೆ, ಎಲ್ಲರೂ "ಓಹೋ" ಎನ್ನಬೇಕು. ಆ "ಓಹೋ"ಗಾಗಿಯೇ ಅವರು ಬದುಕಿರುವುದು ಎಂದು ಹೆಂಡತಿಯೇ ಹೇಳುತ್ತಿದ್ದರು. ಸರಿಯಾಗಿ ಆಗಲೇ ವುಕಾಶಿನ್ ಎದ್ದು ಹಜಾರಕ್ಕೆ ಬಂದು ಕೋಟು ಹುಡುಕತೊಡಗಿದ.

ನೆವೆನಾ ಹಿಂದೆಯೇ ಬಂದಳು. "ಎಲ್ಲಿಗೋ?"

"ಪ್ರೊಫೆಸರ್ ಮನೆಗೆ. ಈಗ ಹೊರಟ್ರೆ ಟ್ರಾಮ್ ಸಿಗುತ್ತೆ."

"ಮೀನು ಬರ್ತಿದೆ ಕಣೋ! ಅಪ್ಪ ಬೆಳಗ್ಗೆಯಿಂದ ಅದರ ಮುಂದೆ ತಪಸ್ಸಿಗೆ ಕೂತಿದಾರೆ."

"ನೋಡು ನೆವೆನಾ, ಅತಿಥಿ ಮೇಲೆ ಒಳ್ಳೆ ಅಭಿಪ್ರಾಯ ಮೂಡೋದೆಲ್ಲ ಶುರುವಿನಲ್ಲೇ. ಆಮೇಲೆ ಕೂತಷ್ಟೂ ಲಾಭ ಕಮ್ಮಿ, ಬಾಯಿ ತಪ್ಪೋ ಅಪಾಯ ಜಾಸ್ತಿ. ನಿಮ್ಮಜ್ಜಿ ಈಗ ತಾನೆ ಹೊಗಳಿದ್ರಲ್ಲ? ಅದೇ ಶಿಖರ. ಶಿಖರದಲ್ಲಿ ಎದ್ದುಬಿಡಬೇಕು."

 ನೆವೆನಾ ಕೋಟನ್ನು ತಾನೇ ತೆಗೆದು ಅವನ ಎದೆಗೆ ಒತ್ತಿದಳು. "ಹೋಗು. ಶಿಖರದಲ್ಲಿ ಗಾಳಿ ಜೋರು, ಗುಂಡಿ ಹಾಕ್ಕೋ."

ಇದನ್ನವನು ಪ್ರೀತಿಯ ಕಾಳಜಿ ಎಂದುಕೊಂಡು ಗುಂಡಿ ಹಾಕಿಕೊಂಡ. ಮೆಟ್ಟಿಲಿಳಿಯುವಾಗ ಒಳಗಿನಿಂದ ದೊಡ್ಡದೊಂದು "ಓಹೋ" ಕೇಳಿಸಿತು, ಅದರ ಹಿಂದೆಯೇ ಡಾಕ್ಟರ ದನಿ: "ಆ ಹುಡುಗ ಎಲ್ಲಿ?"

ಪ್ರೊಫೆಸರ್ ಗ್ರುಯಿಚರ ಬಾಗಿಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಡೀ ತರಗತಿ ಅಲ್ಲೇ ಇತ್ತು. ಎಲ್ಲರ ಕೈಯಲ್ಲೂ ಒಂದೇ ಅಂಗಡಿಯ ಒಂದೇ ಅಗ್ಗದ ವೈನ್. ಹುಡುಗರು ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವರಂತೆ ಒಬ್ಬರನ್ನೊಬ್ಬರು ಕದ್ದು ನೋಡುತ್ತಿದ್ದರು.

"ನಾನು ಬೇಕಂತಲೇ ತಡವಾಗಿ ಬಂದೆ ಮಾರಾಯ," ಎಂದ ಗೋಡೆಗೆ ಅಂಟಿಕೊಂಡಿದ್ದ ಸಹಪಾಠಿ. "ಅಷ್ಟೊತ್ತಿಗೆ ಜನ ಕರಗಿರ್ತಾರೆ, ಪ್ರೊಫೆಸರ್ ಒಬ್ಬರೇ ಸಿಗ್ತಾರೆ ಅಂತ."

"ನಾನೂ," ಎಂದ ವುಕಾಶಿನ್.

"ಇಲ್ಲಿರೋರೆಲ್ಲ ಅದೇ ಹೇಳ್ತಿದಾರೆ."

ಊರಿಗೆಲ್ಲ ದಾರಿ ಹೇಳಿಕೊಟ್ಟ ಪ್ರೊಫೆಸರು ತಮ್ಮ ಮನೆಯೊಳಗೇ ದಾರಿ ಸಿಗದೆ, ತಟ್ಟೆಯನ್ನು ತಲೆಯ ಮೇಲೆತ್ತಿ ಹಿಡಿದು ಒಬ್ಬರ ಸಂದಿಯಿಂದ ಇನ್ನೊಬ್ಬರ ಸಂದಿಗೆ ನುಸುಳುತ್ತಿದ್ದರು. ಕೊನೆಗೆ ವುಕಾಶಿನ್‌ನ ಮುಂದೆ ಬಂದರು.

"ಬಾಪ್ಪಾ ಸ್ತೆವಾನ್. ನೀನು ಯಾವೂರು?"

"ಕ್ರಾಲ್ಯೆವೊ ಸರ್. ನಾನು ವುಕಾ..."

"ಒಳ್ಳೆ ಗಾಳಿ ಅಲ್ಲಿ," ಎಂದು ಪ್ರೊಫೆಸರ್ ಮುಂದಿನವನ ಕಡೆ ತಿರುಗಿದರು. ಭವಿಷ್ಯದ ಮಾತುಕತೆ ಅಲ್ಲಿಗೆ ಮುಗಿಯಿತು.

ಗೋಡೆಗೊರಗಿ ತಣ್ಣಗಿನ ಬೀನ್ಸ್ ಕಾಳು ತಿನ್ನುತ್ತಿದ್ದಾಗ ಅವನಿಗೆ ಇನ್ನೊಂದು ಮನೆಯ ಮೇಣದಬತ್ತಿ, ಖಾಲಿ ಕುರ್ಚಿ, "ಆ ಹುಡುಗ ಎಲ್ಲಿ" ಎಂಬ ದನಿ ಒಟ್ಟೊಟ್ಟಿಗೆ ನೆನಪಾದವು. ಅಷ್ಟು ಓದಿದ್ದರೂ ಬುದ್ಧಿ ಬಂತು ಎನ್ನಬೇಕು. ನೆವೆನಾಗೆ ಫೋನ್ ಮಾಡಿದ, ಎತ್ತಲಿಲ್ಲ. ಮತ್ತೆ ಮಾಡಿದ. ಕೊನೆಗೊಂದು ಸಂದೇಶ ಬಂತು: "ಹೊಟ್ಟೆನೋವು ಹೇಗಿದೆ?"

ಯಾವ ಹೊಟ್ಟೆನೋವು ಎಂದು ಬರೆದು ಕಳಿಸಿದ. ಬಂದ ದಾರಿಯಲ್ಲೇ ಓಡಿದ. ಟ್ರಾಮಿಗೂ ಕಾಯಲಿಲ್ಲ.

ಬಾಗಿಲು ತೆರೆದವಳು ನೆವೆನಾ. ಪಿಸುಗುಟ್ಟಿದಳು: "ನಿನಗೆ ತಡೆಯಲಾರದ ಹೊಟ್ಟೆನೋವು ಬಂತು, ಔಷಧಿಗೆ ಓಡಿದೆ ಅಂತ ಹೇಳಿದೀನಿ. ಅಪ್ಪನ ಮುಖ ನೋಡಕ್ಕಾಗ್ಲಿಲ್ಲ, ಅದಕ್ಕೆ. ನಿನಗೋಸ್ಕರ ಅಲ್ಲ."

"ಆದ್ರೆ ನಾನು ನಿಜ ಹೇಳಿ ಕ್ಷಮೆ ಕೇಳೋಣ ಅಂತ..."

"ಬಾಯಿ ಬಿಟ್ಟೀಯಾ, ಜೋಕೆ!"

ಒಳಗೆ ಹೋದರೆ ಇಡೀ ಮನೆ ಎದ್ದು ನಿಂತಿತು. "ಅಯ್ಯೋ ಪಾಪ, ನೋವಲ್ಲೂ ವಾಪಸ್ ಬಂದಿದಾನೆ!" ಎಂದಳು ಯೆಲಿಕಾ ಅಜ್ಜಿ. ಡಾಕ್ಟರು ಹಲ್ಲಿನ ಬದಲು ಮೊದಲ ಬಾರಿಗೆ ಅವನ ನಾಲಿಗೆ ನೋಡಿದರು. ಸೋದರಮಾವ ರಾದೋಯೆ ರಕಿಯಾಗೆ ಕರಿಮೆಣಸು ಹಾಕಿ ತಂದ. ಅಜ್ಜಿ ಅದನ್ನು ಕಿತ್ತುಕೊಂಡು ಸೀಮೆಸೇವಂತಿಗೆ ಹೂವಿನ ಕಷಾಯ ಇಟ್ಟಳು, ಉಪ್ಪು ಎಣ್ಣೆ ಇಲ್ಲದೆ ಅನ್ನ ಬೇಯಿಸಿದಳು. ಮೇಜಿನ ನಡುವೆ ಕೆರೆಮೀನು ಇನ್ನೂ ಅರ್ಧ ಉಳಿದಿತ್ತು, ಬೆಳ್ಳುಳ್ಳಿಯಲ್ಲಿ ಹೊಳೆಯುತ್ತಿತ್ತು. ಮುಖ ತಿರುಗಿಸಿದರೂ ವಾಸನೆ ಬಿಡಲಿಲ್ಲ. ವುಕಾಶಿನ್ ಬೆಳಗಿನಿಂದ ಹೊಟ್ಟೆ ತುಂಬ ಏನೂ ತಿಂದಿರಲಿಲ್ಲ.

"ಒಂದೇ ಒಂದು ತುಂಡು..." ಎಂದ ಮೆಲ್ಲಗೆ.

"ಮುಟ್ಟಬೇಡ!" ಎಂದರು ಡಾಕ್ಟರು. "ಆಸೆ ಅರ್ಥವಾಗುತ್ತೆ ಮಗೂ. ಈ ಮನೇಲಿ ನನ್ನ ಮೀನಿಗೆ ಕಣ್ಣಲ್ಲಿ ನೀರು ಹಾಕ್ಕೊಂಡೋನು ನೀನೊಬ್ಬನೇ." ಹೆಂಡತಿಯ ಕಡೆ ತಿರುಗಿ, "ನೋಡು, ಹೀಗಿರಬೇಕು," ಎಂದರು.

ಅಜ್ಜಿ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಅನ್ನ ಚಮಚದಲ್ಲಿ ಎತ್ತಿ ಹಿಡಿದಳು. "ಈ ಗಾಳೀಲಿ ನಿನ್ನನ್ನ ಕಳಿಸಲ್ಲ. ನಿಧಾನವಾಗಿ ತಿನ್ನು. ಈಗ ಹೇಳು, ನಿಮ್ಮಮ್ಮನ ತೌರುಮನೆ ಕಡೆಯೋರು ಯಾರು?"

ಅವನು ಹೇಳತೊಡಗಿದ. ಅಜ್ಜಿಗೆ ಅವಸರವಿರಲಿಲ್ಲ. ಅಮ್ಮನ ತೌರಿನಿಂದ ಅಜ್ಜನ ಕುದುರೆಯವರೆಗೆ ಒಂದನ್ನೂ ಬಿಡದೆ ಕೇಳಿದಳು. ಎದುರಿಗೆ ಕೂತ ನೆವೆನಾ ಅವನ ಪಾಲಿನ ಮೀನನ್ನು ತನ್ನ ತಟ್ಟೆಗೆ ಹಾಕಿಕೊಂಡು, ಅವನನ್ನೇ ನೋಡುತ್ತ, ಮುಳ್ಳು ಬಿಡಿಸಿ ಬಿಡಿಸಿ, ಬಹಳ ನಿಧಾನವಾಗಿ ತಿಂದಳು.