ಮೂಲೆಯಲ್ಲಿದ್ದ ಹೆಸರು

ಅರಕಲಗೂಡು ಬಸ್‌ಸ್ಟ್ಯಾಂಡಿನ ಹಿಂದೆ ಫ್ಲೆಕ್ಸ್ ಅಂಗಡಿ ಇಟ್ಟಿದ್ದ ಅಕ್ಕ, ಯಾರು ಯಾವ ಫೋಟೊ ತಂದರೂ ಕನ್ನಡಕ ಹಣೆಗೇರಿಸಿ ಕೇಳುತ್ತಿದ್ದಳು: “ಇದು ಯಾರ್ದು? ಕೇಳಿ ತಂದ್ರಾ?”

ನನ್ನ ಶುಂಠಿ ಮಂಡಿಯ ಬೋರ್ಡಿಗೆಂದು ನೆಟ್ಟಿನಿಂದ ಒಂದು ಚಿತ್ರ ಇಳಿಸಿಕೊಂಡು ಹೋಗಿದ್ದೆ. ಮೂಲೆಯಲ್ಲಿ ಅದನ್ನು ತೆಗೆದವನ ಹೆಸರಿತ್ತು. “ಅಳಿಸ್ಬುಡಕ್ಕ” ಎಂದೆ.

“ಅಳ್ಸೋಕೆ ಬತ್ತದೆ, ಅಳ್ಸಾಕಿಲ್ಲ ಕಣಣ್ಣ.”

ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಚಿತ್ರಗಳ ತಾಣ ತೆರೆದು ತೋರಿಸಿದಳು. ಅಲ್ಲಿದ್ದದ್ದೆಲ್ಲ ಸೋಪು ಹಾಕಿ ತೊಳೆದಂಥ ವಿದೇಶಿ ಶುಂಠಿ. ನಾನು ಮೂಗು ಮುರಿದೆ.

“ಅಂಗಾದ್ರೆ ನಿಮ್ ಶುಂಠಿ ನೀವೇ ತಗ್ದು ತನ್ನಿ” ಎಂದಳು. ಮಣ್ಣು ಮೆತ್ತಿದ ರಾಶಿಯ ಫೋಟೊ ತೆಗೆದುಕೊಟ್ಟೆ. ಬೋರ್ಡು ಎದ್ದಿತು.

ಮುಂದಿನ ಸುಗ್ಗಿಯಲ್ಲಿ ಅವಳದೇ ಫೋನು: “ಹಳ್ಳಿಮೈಸೂರಿನ ಮಂಡಿಯೋರು ಅವ್ರ ಬೋರ್ಡಿಗೆ ನಿಮ್ ಶುಂಠಿ ಫೋಟೊ ಕೇಳ್ತಾವ್ರೆ. ಕೊಡ್ಲಾ?”

“ಧಾರಾಳವಾಗಿ ಕೊಡಕ್ಕ. ಆದ್ರೆ ಮೂಲೇಲಿ ನನ್ನೆಸ್ರು ಇರ್ಲಿ.”